ಹಾಲಿನ ವ್ಯಾನಿನಲ್ಲಿ ಬಂದ ರಕ್ತ

ಇ.ಎಸ್.ಆರ್. ಅಂದರೆ ಏನು ಅಂತ ಕೇಳಿದವರಿಗೆಲ್ಲ ನಾನು ಬಗ್ಗಡದ ನೀರಿನ ಉದಾಹರಣೆ ಕೊಡುತ್ತಿದ್ದೆ. ನಾಲೆಗೆ ಹೊಸ ನೀರು ಬಿಟ್ಟಾಗ ಒಂದು ಲೋಟ ಮೊಗೆದು ಇಟ್ಟು ನೋಡಿ, ಮಣ್ಣು ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತದೆ. ರಕ್ತವೂ ಹಾಗೆಯೇ. ಸಣ್ಣ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಕೆಂಪು ಕಣಗಳು ಇಳಿಯುತ್ತವೆ, ಮೇಲೆ ತಿಳಿ ಉಳಿಯುತ್ತದೆ. ಒಂದು ಗಂಟೆಯಲ್ಲಿ ಕೆಂಪು ಎಷ್ಟು ಕೆಳಗೆ ಹೋಯಿತು ಅನ್ನುವುದೇ ಲೆಕ್ಕ. ಮೈಯೊಳಗೆ ಎಲ್ಲೋ ಉರಿ ಇದ್ದರೆ ಕಣಗಳು ಒಂದರ ಮೇಲೊಂದು ಅಂಟಿಕೊಂಡು ಭಾರವಾಗಿ ಬೇಗ ಇಳಿಯುತ್ತವೆ. ಉರಿ ಆರಿದರೆ ನಿಧಾನ. ಉರಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ, ಇದೆ ಅಂತ ಮಾತ್ರ ಹೇಳುತ್ತದೆ.

ಏಳನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟವನು ನಾನು. ಕೊಳವೆ ತೊಳೆಯುವ ಕೆಲಸಕ್ಕೆ ಸೇರಿ ಒಂದೊಂದೇ ಕಲಿತವನು. ತೊಂಬತ್ತರ ದಶಕದ ನಡುವಿಗೆ ಪಾಂಡವಪುರದಲ್ಲಿ ನನ್ನದೇ ಒಂದು ಲ್ಯಾಬು ಇತ್ತು. ಒಂದು ಕೋಣೆ, ಒಂದು ಮೈಕ್ರೋಸ್ಕೋಪು, ಕಿಟಕಿಯ ಪಕ್ಕ ಮಟ್ಟ ನೋಡಿ ಇಟ್ಟ ಇ.ಎಸ್.ಆರ್. ಸ್ಟ್ಯಾಂಡು. ನನ್ನ ರೀಡಿಂಗಿನ ಮೇಲೆ ಯಾರೂ ಬೆರಳು ತೋರಿಸಿದ್ದಿಲ್ಲ. ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ. ಈ ಕತೆಗೆ ಆ ಜಂಬವೂ ಬೇಕು.

ಡೇರಿ ಸೆಕ್ರೆಟರಿಯ ರಕ್ತ ಮೊದಲ ಸಲ ನನ್ನ ಕೈಗೆ ಬಂದಾಗ ಅವರೇ ಅದರ ಜೊತೆ ಬಂದಿದ್ದರು. ತೊಣ್ಣೂರು ಕೆರೆಯಿಂದಾಚೆಗಿನ ಒಂದು ಊರಿನ ಹಾಲಿನ ಡೇರಿಗೆ ಅವರು ಸೆಕ್ರೆಟರಿ. ನಲವತ್ತು ದಾಟಿದ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು. ವರ್ಷದಿಂದ ಭೇದಿ, ಭೇದಿಯಲ್ಲಿ ರಕ್ತ. ಮೂಲವ್ಯಾಧಿ ಅಂದುಕೊಂಡು ನಾಟಿ ಔಷಧಿ ಕುಡಿದರು, ಆಮಶಂಕೆ ಅಂದುಕೊಂಡು ಮಾತ್ರೆ ನುಂಗಿದರು. ಕೊನೆಗೆ ನನ್ನ ಲ್ಯಾಬಿನ ಎದುರಿಗೇ ಕ್ಲಿನಿಕ್ಕು ಇದ್ದ ನಮ್ಮ ಡಾಕ್ಟರ ಹತ್ತಿರ ಬಂದರು. ಡಾಕ್ಟರು ಮೈಸೂರಿಗೆ ಕಳಿಸಿ ನಳಿಕೆ ಬಿಟ್ಟು ಒಳಗೆ ನೋಡಿಸಿದರು. ದೊಡ್ಡ ಕರುಳಿನ ಒಳಮೈಯೆಲ್ಲ ಹುಣ್ಣು. ಹುಳುವಿನದಲ್ಲ, ಸೋಂಕಿನದಲ್ಲ. ಮೈಯೇ ತನ್ನ ಕರುಳಿನ ಮೇಲೆ ತಿರುಗಿಬಿದ್ದಾಗ ಬರುವ ಉರಿಯೂತ.

"ಇದು ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ, ಹತೋಟಿಲಿ ಇಟ್ಕೊಳ್ಳೋ ಕಾಯಿಲೆ," ಅಂತ ಡಾಕ್ಟರು ನನಗೂ ಬಿಡಿಸಿ ಹೇಳಿದರು. ಸ್ಟೀರಾಯ್ಡ್ ಮಾತ್ರೆಯನ್ನು ಮೊದಲು ಜಾಸ್ತಿ ಕೊಟ್ಟು ಉರಿ ಆರಿಸಬೇಕು, ಆಮೇಲೆ ನೋಡಿಕೊಂಡು ನೋಡಿಕೊಂಡು ಇಳಿಸಬೇಕು. ಬಹಳ ದಿನ ಕೊಟ್ಟರೆ ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಉರಿ ಆರುವ ಮೊದಲೇ ಇಳಿಸಿದರೆ ಕರುಳು ಮತ್ತೆ ಹೆಪ್ಪು ಹೆಪ್ಪಾಗಿ ರಕ್ತ ಸುರಿಸುತ್ತದೆ, ಉಬ್ಬಿ ಒಡೆದರೂ ಒಡೆಯಿತು. ಒಡೆದರೆ ಹೊಟ್ಟೆ ಕೊಯ್ದು ಕರುಳನ್ನೇ ತೆಗೆಯಬೇಕು. ಅಷ್ಟರಲ್ಲಿ ಆಳು ಉಳಿದಿದ್ದರೆ.

"ರೋಗಿಯನ್ನು ಕೇಳಿದರೆ ಗೊತ್ತಾಗೋದಿಲ್ವಾ ಸಾರ್, ಆರಿದೆಯೋ ಇಲ್ಲವೋ ಅಂತ?" ಅಂದೆ.

"ಕೇಳಿ ನೋಡಯ್ಯ ನೀನೇ."

ಕೇಳಿದೆ. ಅವರ ತೋಳಿಗೆ ರಬ್ಬರು ಕಟ್ಟುತ್ತಾ, "ದಿನಕ್ಕೆ ಎಷ್ಟು ಸಲ ಹೋಗ್ತೀರಣ್ಣ?" ಅಂದೆ.

"ಎಲ್ಲಾರಂಗೇಯ."

"ರಕ್ತ?"

"ಒಂದೊಂದ್ ಸಲ. ವಸಿ." ಮುಖವನ್ನು ಕಿಟಕಿಯ ಕಡೆ ತಿರುಗಿಸಿಬಿಟ್ಟರು.

ಅದಕ್ಕೇ ರಕ್ತಪರೀಕ್ಷೆ. ಇ.ಎಸ್.ಆರ್., ಹಿಮೋಗ್ಲೋಬಿನ್ನು, ಪ್ಲೇಟ್‌ಲೆಟ್ಟು. ಹದಿನೈದು ದಿನಕ್ಕೊಮ್ಮೆ ನೋಡಿ ಮಾತ್ರೆ ಇಳಿಸುವುದು ಅಂತ ತೀರ್ಮಾನವಾಯಿತು. ಮೊದಲ ಸಲದ ಇ.ಎಸ್.ಆರ್. ತುಂಬ ಏರಿತ್ತು. ಎರಡನೇ ಸಲವೂ ಅವರೇ ಬಂದರು, ಸ್ವಲ್ಪ ಇಳಿದಿತ್ತು. ಮೂರನೇ ಸಲದಿಂದ ಅವರು ಬರಲಿಲ್ಲ. ಅವರ ರಕ್ತ ಮಾತ್ರ ಬಂತು.

ಆ ಊರಿನ ರಸ್ತೆ ಕೆಟ್ಟದ್ದು. ಹಾಲಿನ ವ್ಯಾನು ಬೆಳಗ್ಗೆ ಒಂದೇ ಸಲ ಹೋಗಿ ಎರಡೂ ಹೊತ್ತಿನ ಹಾಲು ತುಂಬಿಕೊಂಡು ಪಾಂಡವಪುರಕ್ಕೆ ಬರುತ್ತಿತ್ತು. "ಡೇರಿ ಬುಟ್ಟು ಬರಾಕಾಗಲ್ಲ, ಒತ್ತಾರೆ ಬೈಗು ಎರಡೊತ್ತೂ ನಾನೇ ಹಾಲು ಅಳೀಬೇಕು" ಅಂತ ಸೆಕ್ರೆಟರಿ ಹೇಳಿ ಕಳಿಸಿದರು. ಊರಿಗೆ ಬರುವ ಆಸ್ಪತ್ರೆಯ ಸಿಸ್ಟರಮ್ಮ ರಕ್ತ ತೆಗೆಯುವುದು, ವ್ಯಾನಿನವನು ತಂದುಕೊಡುವುದು. ಡಾಕ್ಟರು ಒಪ್ಪಿದರು. ನಾನೂ ಒಪ್ಪಿ ಎರಡು ತರದ ಸಣ್ಣ ಬಾಟಲಿ ಕಳಿಸಿಕೊಟ್ಟೆ. ಒಂದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಪುಡಿ, ಇನ್ನೊಂದು ಬರಿದು.

ವ್ಯಾನಿನ ಡ್ರೈವರು ನಾಗಮಂಗಲ ಕಡೆಯವನು. ಹಾರ್ನು ಹೊಡೆದು ಕೆಳಗಿಳಿಯದೆ ಕಿಟಕಿಯಿಂದಲೇ ಕೈ ಚಾಚುತ್ತಿದ್ದ.

"ಅಣ್ಣೋ, ತಗಳಪ್ಪ ಸೆಕ್ರೆಟ್ರಿ ರಕ್ತ. ಅವ್ರು ನಮ್ ರಕ್ತ ಈರ್ತಾರೆ, ನೀವು ಅವ್ರದ್ದು ಈರ್ತೀರಿ. ಸರೋಯ್ತು!"

ಬಾಟಲಿ ಒದ್ದೆ ಬಟ್ಟೆಯಲ್ಲಿ ಸುತ್ತಿರುತ್ತಿತ್ತು. ಹಾಲಿನ ಕ್ಯಾನುಗಳ ನಡುವೆ ಬಂದದ್ದು ಒದ್ದೆಯಾಗಿರದೆ ಇನ್ನೇನು. ನಾನು ತಡಮಾಡುತ್ತಿರಲಿಲ್ಲ. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟು ದ್ರಾವಣ ಬೆರೆಸಿ, ಕೊಳವೆಗೆ ಬಾಯಲ್ಲಿ ಎಳೆದು, ಸೊನ್ನೆಯ ಗೆರೆಗೆ ಸರಿಮಾಡಿ, ಸ್ಟ್ಯಾಂಡಿಗೆ ಸಿಕ್ಕಿಸಿ ಗಡಿಯಾರ ನೋಡುತ್ತಿದ್ದೆ.

ವ್ಯಾನಿನಲ್ಲಿ ಬಂದ ಮೊದಲ ರಕ್ತದ ಇ.ಎಸ್.ಆರ್. ಚೆನ್ನಾಗಿ ಇಳಿದಿತ್ತು. ಮುಂದಿನದು ಇನ್ನೂ ಕೆಳಗೆ, ಇಪ್ಪತ್ತರ ಆಸುಪಾಸು. ಹೆಚ್ಚುಕಡಿಮೆ ನಮ್ಮ ನಿಮ್ಮ ಹಾಗೆ. ಡಾಕ್ಟರಿಗೆ ಖುಷಿಯಾಯಿತು. ಎರಡು ಸಲವೂ ಮಾತ್ರೆ ಇಳಿಸಿ ಚೀಟಿ ಬರೆದರು, ಚೀಟಿ ಅದೇ ವ್ಯಾನಿನಲ್ಲಿ ವಾಪಸು ಹೋಯಿತು.

ನನಗೆ ಮುಳ್ಳು ಚುಚ್ಚಿದ್ದು ಹಿಮೋಗ್ಲೋಬಿನ್ನು. ರಕ್ತವನ್ನು ಆಸಿಡ್ಡಿಗೆ ಹಾಕಿ, ಕಂದು ಬಣ್ಣ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಹನಿ ಹನಿ ನೀರು ಬಿಡುವ ಪರೀಕ್ಷೆ ಅದು. ಸೆಕ್ರೆಟರಿಯ ರಕ್ತಕ್ಕೆ ಸಲದಿಂದ ಸಲಕ್ಕೆ ಕಡಿಮೆ ನೀರು ಸಾಕಾಗುತ್ತಿತ್ತು. ಅಂದರೆ ರಕ್ತ ಇಳಿಯುತ್ತಾ ಇದೆ. ಪ್ಲೇಟ್‌ಲೆಟ್ಟು ಎಣಿಸಿದರೆ ಅವು ಏರುತ್ತಾ ಇವೆ. ರಕ್ತ ಕಳೆದುಕೊಳ್ಳುತ್ತಿರುವ, ಒಳಗೆ ಉರಿಯುತ್ತಿರುವ ಮೈಯ ಲಕ್ಷಣ. ಇ.ಎಸ್.ಆರ್. ಮಾತ್ರ ಎಲ್ಲ ಕ್ಷೇಮ ಅನ್ನುತ್ತಿದೆ. ಅದೂ ಅಲ್ಲದೆ, ರಕ್ತ ತೆಳುವಾದವರಲ್ಲಿ ಇ.ಎಸ್.ಆರ್. ತಾನಾಗೇ ಸ್ವಲ್ಪ ಏರಿರುತ್ತದೆ. ಇವರದು ಏಕೆ ಇಳಿಯಬೇಕು?

ಡಾಕ್ಟರ ಹತ್ತಿರ ಹೋಗಿ ಮೂರೂ ರೀಡಿಂಗು ಮುಂದಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿನ್ನ ಕೊಳವೆ ನೆಟ್ಟಗಿತ್ತೇನಯ್ಯ?"

ನನಗೆ ರೇಗಿತು. "ಸಾರ್, ಕೊಳವೆ ವಾಲಿದ್ರೆ ಇ.ಎಸ್.ಆರ್. ಏರುತ್ತೆ, ಇಳಿಯೋದಿಲ್ಲ. ಅದೂ ವಾಲಿಲ್ಲ. ಗಾರೆ ಕೆಲಸದವನ ತೂಕದಗುಂಡು ಇಟ್ಕೊಂಡಿದ್ದೀನಿ. ಬಂದು ನೋಡಿ ಬೇಕಾದ್ರೆ."

"ನೋಡೋಣ ನಡಿ," ಅಂತ ಎದ್ದೇಬಿಟ್ಟರು. ಅವರ ದೊಡ್ಡ ಗುಣವೇ ಅದು. ರಸ್ತೆ ದಾಟಿ ಬಂದು, ದಾರಕ್ಕೆ ಕಟ್ಟಿದ ಗುಂಡನ್ನು ಕೊಳವೆಯ ಪಕ್ಕ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಅದೇ ದಿನ ಪಕ್ಕದ ಕೊಳವೆಯಲ್ಲಿ ಅರಕೆರೆಯ ಒಬ್ಬ ಕೀಲುನೋವಿನ ಹೆಂಗಸಿನ ರಕ್ತ ಧಾರಾಳವಾಗಿ ಇಳಿದಿತ್ತು. ಅಂದರೆ ಸಿಟ್ರೇಟು ಸರಿ ಇದೆ, ಕೊಳವೆ ಸರಿ ಇದೆ.

"ಕೆಲವರಿಗೆ ಕರುಳಿನಲ್ಲಿ ಉರಿ ಇದ್ರೂ ಇ.ಎಸ್.ಆರ್. ಏರೋದಿಲ್ಲ," ಅಂದರು. "ಆದ್ರೆ ಇವರಿಗೆ ಮೊದಲು ಏರಿತ್ತಲ್ಲ. ಇನ್ನೊಂದು ಸಾಕ್ಷಿ ಕೇಳೋಣ. ಸಿ.ಆರ್.ಪಿ. ಮಾಡ್ತೀಯಾ?"

ಸಿ.ಆರ್.ಪಿ. ಅನ್ನುವುದು ಮೈಯಲ್ಲಿ ಉರಿ ಹತ್ತಿದ ಕೂಡಲೇ ಲಿವರು ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಆಗ ನಮ್ಮ ಕಡೆ ಅದನ್ನು ಕೇಳುವವರೇ ಕಡಿಮೆ. ಮೈಸೂರಿನಿಂದ ಕಿಟ್ಟು ತರಿಸಿದೆ. ಕಪ್ಪು ಗಾಜಿನ ಮೇಲೆ ರಕ್ತದ ತಿಳಿಯ ಒಂದು ಹನಿ, ಅದಕ್ಕೆ ಹಾಲಿನಂಥ ಬಿಳಿ ದ್ರಾವಣದ ಒಂದು ಹನಿ. ಬೆರೆಸಿ ತೊಟ್ಟಿಲು ತೂಗಿದ ಹಾಗೆ ಗಾಜನ್ನು ಮೆಲ್ಲಗೆ ತೂಗಬೇಕು. ಸಿ.ಆರ್.ಪಿ. ಇಲ್ಲದಿದ್ದರೆ ಹಾಲು ಹಾಲಾಗೇ ಇರುತ್ತದೆ. ಇದ್ದರೆ ಒಡೆದ ಹಾಲಿನ ಹಾಗೆ ಕಣ ಕಣವಾಗುತ್ತದೆ.

ಮುಂದಿನ ಸಲ ವ್ಯಾನು ಬಂದಾಗ ಎರಡನ್ನೂ ಒಟ್ಟಿಗೆ ಹಿಡಿದೆ. ಇ.ಎಸ್.ಆರ್. ಕೊಳವೆಯಲ್ಲಿ ಕೆಂಪು ಗೆರೆ ಸೋಮಾರಿಯಂತೆ ಮೇಲೇ ನಿಂತಿತ್ತು. ಕಪ್ಪು ಗಾಜಿನ ಮೇಲೆ ನಾನು ತೂಗಲು ಶುರುಮಾಡುತ್ತಿದ್ದಂತೆಯೇ ಹಾಲು ಒಡೆದುಹೋಯಿತು.

ಒಂದೇ ಮನುಷ್ಯನ ರಕ್ತ. ಒಂದು ಬಾಟಲಿ ಉರಿ ಇಲ್ಲ ಅನ್ನುತ್ತದೆ, ಇನ್ನೊಂದು ಹೊತ್ತಿಕೊಂಡಿದೆ ಅನ್ನುತ್ತದೆ. ಎರಡು ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಬರಿ ಬಾಟಲಿಯಲ್ಲಿ ಹೆಪ್ಪಿನ ಮೇಲೆ ನಿಂತ ತಿಳಿ ಹೊಂಬಣ್ಣಕ್ಕೆ ಇರಬೇಕು. ಇದು ತೆಳು ಗುಲಾಬಿ ಬಣ್ಣಕ್ಕಿತ್ತು. ಕಣಗಳು ಒಡೆದಾಗ ಹಾಗಾಗುತ್ತದೆ. ಮೊದಲೂ ಒಮ್ಮೆ ಹಾಗೆ ಬಂದಿತ್ತು. ಸಿಸ್ಟರಮ್ಮ ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದಿರಬೇಕು ಅಂತ ಆಗ ಅಂದುಕೊಂಡಿದ್ದೆ. ಈಗ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ನನ್ನ ಕೈ ಸರಿ ಇದೆ, ಕೊಳವೆ ಸರಿ ಇದೆ. ಹಾಗಾದರೆ ಕೆಟ್ಟಿರುವುದು ರಕ್ತ ನನ್ನ ಕೈ ಸೇರುವ ಮೊದಲು.

ಸಿ.ಆರ್.ಪಿ. ಇನ್ನೂ ನೋಡಿರದ ಡಾಕ್ಟರು ಅಷ್ಟು ಹೊತ್ತಿಗೆ ಮಾತ್ರೆಯನ್ನು ಇನ್ನೊಂದು ಮೆಟ್ಟಿಲು ಇಳಿಸುವ ಚೀಟಿಗೆ ಪೆನ್ನು ತೆಗೆದಿದ್ದರು. ವ್ಯಾನು ಬಾಗಿಲಲ್ಲಿ ನಿಂತಿತ್ತು.

"ಸಿ.ಆರ್.ಪಿ. ಜೋರಾಗಿದೆ ಸಾರ್, ಇವತ್ತು ಚೀಟಿ ಬೇಡ," ಅಂದೆ. "ಇಳಿಸೋದೂ ಬೇಡ, ಏರಿಸೋದೂ ಬೇಡ. ಮಧ್ಯಾಹ್ನ ನಾನೇ ಹೋಗ್ತೀನಿ. ಸ್ಟ್ಯಾಂಡು ಅಲ್ಲಿಗೇ ಒಯ್ದು, ತೋಳಿಂದ ನೇರ ಕೊಳವೆಗೆ ಹಾಕ್ತೀನಿ."

ಅವರು ಪೆನ್ನಿಗೆ ಟೋಪಿ ಹಾಕಿದರು. "ಹೋಗಿ ಬಾ. ಹೊಟ್ಟೆ ಉಬ್ಬಿದೆಯಾ, ಜ್ವರ ಇದೆಯಾ, ನಾಡಿ ಎಷ್ಟು, ನೋಡ್ಕೊಂಡು ಬಾ. ಅನುಮಾನ ಬಂದ್ರೆ ನನ್ನ ಕೇಳೋಕೆ ಕಾಯಬೇಡ, ಕರ್ಕೊಂಡೇ ಬಾ."

ಮಧ್ಯಾಹ್ನದ ಬಸ್ಸು ಹತ್ತಿದೆ. ಸ್ಟ್ಯಾಂಡನ್ನು ಪಂಚೆಯಲ್ಲಿ ಸುತ್ತಿ ಮಡಿಲಲ್ಲಿ ಮಗುವಿನಂತೆ ಹಿಡಿದು ಕೂತೆ. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳಿತು. ಕೆರೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕೊಯ್ಲಾದ ಗದ್ದೆ. ಒಂದು ಪೊದೆಯಿಲ್ಲ, ಒಂದು ಬೇಲಿಯಿಲ್ಲ. ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲದಷ್ಟು ಜನ. ಅರ್ಧ ದಾರಿಯಲ್ಲಿ ನನಗೇ ಸಣ್ಣ ಅವಸರವಾಯಿತು, ಹಲ್ಲು ಕಚ್ಚಿ ತಡೆದುಕೊಂಡೆ. ಹಾಗೆ ತಡೆದುಕೊಂಡು ಕೂತಾಗ ಮೊದಲ ಬಾರಿಗೆ ತಲೆಗೆ ಬಂತು. ಆ ಮನುಷ್ಯ ಬರುವುದು ನಿಲ್ಲಿಸಿದ್ದು ಹಾಲು ಅಳೆಯುವುದಕ್ಕಲ್ಲ.

ಡೇರಿ ಅಂದರೆ ಹೆಂಚಿನ ಒಂದು ಕಟ್ಟಡ, ಮುಂದೆ ಜಗಲಿ. ಸಂಜೆಯ ಹಾಲು ಹಾಕಲು ಜನ ಆಗಲೇ ಸಾಲು ನಿಂತಿದ್ದರು. ಸೆಕ್ರೆಟರಿ ಮೇಜಿನ ಹಿಂದೆ ನಿಂತಿದ್ದರು. ನಾನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಮಾತ್ರೆಗೆ ಮುಖ ದುಂಡಗೆ ಊದಿತ್ತು, ಬಿಳಿ ಶರ್ಟಿನೊಳಗೆ ಹೆಗಲು ಮಾತ್ರ ಗೂಟದ ಹಾಗೆ.

"ಏನು ಲ್ಯಾಬಣ್ಣೋರು! ನಮ್ ಹಾಲಿಗೆ ಬಂದ್ರೋ, ನನ್ ರಕ್ತಕ್ಕೆ ಬಂದ್ರೋ?"

"ರಕ್ತಕ್ಕೇ ಅಣ್ಣ. ನಿಮ್ಮನೆಗೆ ಹೋಗೋಣ್ವಾ?"

"ಸಾಲು ನಿಂತದೆ, ಎಂಗ್ ಬರ್ಲಿ? ಇಲ್ಲೇ ತಗಳಿ. ನನ್ ಮೇಜು ಮಟ್ಟ ಐತೆ, ಫ್ಯಾಟು ನೋಡೋ ಮೇಜು."

ಗುಂಡು ಇಳಿಬಿಟ್ಟು ನೋಡಿದೆ. ಮಟ್ಟವಾಗೇ ಇತ್ತು. ಕೆಲಸ ಬಲ್ಲ ಆಳು ಅಂತ ಅಂದುಕೊಂಡೆ. ರಕ್ತ ತೆಗೆದೆ, ಅಲ್ಲೇ ಬೆರೆಸಿದೆ, ಕೊಳವೆಗೆ ಎಳೆದು ನಿಲ್ಲಿಸಿದೆ. ಗೋಡೆಯ ಗಡಿಯಾರ ನೋಡಿಕೊಂಡೆ. ಸೆಕ್ರೆಟರಿ ಅಂಗಿಯ ತೋಳು ಇಳಿಸಿ ಮತ್ತೆ ಅಳತೆಗೆ ನಿಂತರು. ಹಾಲಿನ ಸಾಲು ಈಗ ಎರಡು ಸಾಲಾಯಿತು. ಒಂದು ಹಾಲು ಹಾಕಲು, ಇನ್ನೊಂದು ಕೊಳವೆ ನೋಡಲು.

"ಏನ್ಲಾ ಅದು, ಥರ್ಮಾಮೀಟ್ರಾ?"

"ಸೆಕ್ರೆಟ್ರಿ ರಕ್ತ ಕಣ್ಲಾ. ಫ್ಯಾಟು ನೋಡ್ತಾವ್ರೆ."

"ನೋಡ್ಲಾ ಮೇಲ್ಗಡೆ! ನಮ್ ಹಾಲ್ಗೆ ನೀರಾಕಿದ್ದೀಯ ಅಂತ ದಿನಾ ಬೈತಿದ್ನಲ್ಲ, ಈಗ್ ನೋಡು ಅವ್ನ ರಕ್ತಕ್ಕೇ ಎಷ್ಟು ನೀರು ಬೆರ್ಸವ್ನೆ!"

ಎಲ್ಲರೂ ನಕ್ಕರು. "ಬಾಯ್ ಮುಚ್ಕಂಡು ನಿನ್ ಕ್ಯಾನು ಮುಂದಕ್ ಮಡಗ್ಲಾ," ಅಂತ ಸೆಕ್ರೆಟರಿಯೂ ನಕ್ಕರು. ನಗುತ್ತಿದ್ದವರು ಸಟ್ಟನೆ ಅಳತೆಯ ಪಾತ್ರೆ ಕೆಳಗಿಟ್ಟು, ಮೂಲೆಯಲ್ಲಿದ್ದ ಚೆಂಬು ತೆಗೆದುಕೊಂಡು ಹಿಂಬಾಗಿಲಿಂದ ಹೊರಟರು. ಒಳಗಿನಿಂದ ಅವರ ಹೆಂಡತಿ ಬಂದು, ಅಳತೆಯ ಪಾತ್ರೆ ಎತ್ತಿಕೊಂಡು, ಮುಂದಿನವರ ಹಾಲು ಅಳೆಯತೊಡಗಿದರು. ಕೈ ಪಳಗಿದ ಕೈ. ಇದು ದಿನದ ಪಾಡು ಅಂತ ನನಗೆ ಗೊತ್ತಾಯಿತು.

ಸೆಕ್ರೆಟರಿ ಬಂದರು, ನಿಂತರು. ಸ್ವಲ್ಪ ಹೊತ್ತಿಗೆ ಮತ್ತೆ ಚೆಂಬು. ಕೊಳವೆಯಲ್ಲಿ ಗೆರೆ ಇಳಿಯುತ್ತಲೇ ಇತ್ತು. ಅವರು ಮತ್ತೆ ಹೋದಾಗ ಹೆಂಡತಿ ನನ್ನ ಕಡೆ ತಿರುಗದೆ ಹಾಲು ಸುರಿಯುತ್ತಲೇ ಮಾತಾಡಿದರು. ಕೆ.ಆರ್. ಪೇಟೆ ಕಡೆಯ ಹೆಣ್ಣುಮಗಳು, ದನಿ ತಗ್ಗಿಸಿದರೂ ಗಡಸು.

"ರಿಪೋರ್ಟು ಚೆಂದಾಗೈತೆ ಅಂತ ಬರ್ಕೊಡ್ತಿದ್ದೋರು ನೀವೇಯೇನಣ್ಣ?"

"ನಾನೇ ಅಮ್ಮ."

"ಅದುನ್ನ ಇಡ್ಕಂಡು ನನ್ ಬಾಯಿ ಮುಚ್ಸಿದ್ರು. ಆಸ್ಪತ್ರೆಗೋಗನ ಅಂದ್ರೆ, ನೋಡು ರಕ್ತ ಚೆಂದಾಗೈತೆ ಅಂತ ಬರ್ದವ್ರೆ, ನೀನ್ಯಾವಳು ಅಂದ್ರು. ಬಟ್ಟೆ ಒಗೆಯೋಳು ನಾನು. ನಂಗ್ ಗೊತ್ತಿಲ್ವಾ ಎಷ್ಟು ರಕ್ತ ಓಯ್ತದೆ ಅಂತ?"

ನಾನು ಕೊಳವೆಯ ಕಡೆ ತಿರುಗಿದೆ.

ಗಂಟೆ ತುಂಬುವ ಹೊತ್ತಿಗೆ ಕೆಂಪು ಗೆರೆ ಕೊಳವೆಯ ಅರ್ಧಕ್ಕೆ ಬಂದು ನಿಂತಿತ್ತು. ಬೆಳಗ್ಗೆ ಇದೇ ಮನುಷ್ಯನ ರಕ್ತ ಇದರ ಕಾಲುಭಾಗವೂ ಇಳಿದಿರಲಿಲ್ಲ. ಜನ ಕರಗಿದ ಮೇಲೆ ಸೆಕ್ರೆಟರಿಯನ್ನು ಕೊಳವೆಯ ಮುಂದೆ ನಿಲ್ಲಿಸಿ ತೋರಿಸಿದೆ. ಅಳತೆ ಮಾಡಿ ಬದುಕಿದ ಆಳು. ಗೆರೆ ಓದುವುದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದರು.

"ಒತ್ತಾರೆ ಎಷ್ಟಿತ್ತು ಅಂದ್ರಿ?"

ಹೇಳಿದೆ.

"ಅದೆಂಗಾಯ್ತದೆ? ಕೆಡ್ದಂಗೆ ಮಡಗಿ ಕಳ್ಸಿವ್ನಿ ನಾನು."

"ಎಲ್ಲಿ ಮಡಗಿದ್ರಿ?"

ಅವರು ಒಳಗೆ ಹೋಗಿ ಒಂದು ದೊಡ್ಡ ಬಾಯಿಯ ಫ್ಲಾಸ್ಕು ತಂದರು. ಕಾಲುಬಾಯಿ ರೋಗದ ಲಸಿಕೆ ತರುವುದಕ್ಕೆ ಡೇರಿಯಲ್ಲಿ ಇಟ್ಟದ್ದು. ಆಗ ಒಂದೊಂದೇ ಹೊರಗೆ ಬಂತು. ಸಿಸ್ಟರಮ್ಮನಿಗೆ ನಾಲ್ಕಾರು ಊರು. ಈ ಊರಿಗೆ ಬರುವುದು ಸಂಜೆಗೇ. ಸಂಜೆ ರಕ್ತ ತೆಗೆಸಿ, ಸೋಡಾ ಅಂಗಡಿಯಿಂದ ಐಸು ತಂದು ಫ್ಲಾಸ್ಕಿಗೆ ತುಂಬಿ, ಐಸಿನೊಳಗೇ ಬಾಟಲಿ ಹೂತು, ಬೆಳಗ್ಗೆ ವ್ಯಾನು ಬಂದಾಗ ತೆಗೆದು ಒದ್ದೆ ಬಟ್ಟೆ ಸುತ್ತಿ ಕಳಿಸುವುದು. ಫ್ಲಾಸ್ಕು ಡೇರಿಯದು, ಲಸಿಕೆಗಲ್ಲದೆ ಅದನ್ನು ಊರು ದಾಟಿಸುವಂತಿಲ್ಲ. ಪಾಂಡವಪುರ ಮುಟ್ಟುವಷ್ಟರಲ್ಲಿ ತಂಪು ಆರಿ, ಮುಟ್ಟಿದರೆ ಅದು ಈಗ ತೆಗೆದ ರಕ್ತದ ಹಾಗೇ ಇರುತ್ತಿತ್ತು.

"ಬೈಗಿನ್ ಹಾಲು ರಾತ್ರಿಯೆಲ್ಲ ತಣ್ಣಗ್ ಮಡಗಿ ಒತ್ತಾರೆ ಕಳಿಸ್ತೀವಿ," ಅಂದರು. "ಒಂದ್ ದಿನ ಒಡ್ದಿಲ್ಲ, ಒಂದ್ ಪಾಯಿಂಟು ಫ್ಯಾಟು ಇಳ್ದಿಲ್ಲ. ಹಾಲ್ಗೇ ಅಷ್ಟು ಜೋಪಾನ ಮಾಡೋನು ರಕ್ತಕ್ಕೆ ಮಾಡ್ದೆ ಇರ್ತೀನಾ?"

ಹಾಲಿನ ಮಟ್ಟಿಗೆ ಆ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಮರೆಯುತ್ತಿದ್ದರು. ಇವರು ತಮಗೆ ಗೊತ್ತಿದ್ದ ಅತಿ ಒಳ್ಳೆಯ ರೀತಿಯಲ್ಲಿ ಕಾಪಾಡಿದ್ದರು.

"ಅಣ್ಣ, ರಕ್ತದ ಕಣ ಇಳಿಯೋದು ಒಂದಕ್ಕೊಂದು ಬಿಲ್ಲೆ ಬಿಲ್ಲೆ ಜೋಡಿಸ್ಕೊಂಡು. ರಾತ್ರಿಯೆಲ್ಲ ಕೂತ್ರೆ ಅವು ಉಬ್ಬಿ ಗುಂಡಗಾಗ್ತವೆ. ಗುಂಡು ಗುಂಡಿಗೆ ಅಂಟ್ಕೊಳ್ಳಲ್ಲ. ಐಸು ತಗುಲಿದ್ದು ಒಡೆದೇ ಹೋಗ್ತವೆ. ಇಳಿಯೋಕೆ ಅವಕ್ಕೆ ತಾಕತ್ತಿರಲ್ಲ. ನಾನು ಅದನ್ನ ನೋಡಿ ಉರಿ ಆರ್ತು ಅಂತ ಬರೀತಿದ್ದೆ. ಡಾಕ್ಟರು ಅದನ್ನ ನೋಡಿ ಮಾತ್ರೆ ಇಳಿಸ್ತಿದ್ರು."

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತರು. ನಾಡಿ ಹಿಡಿದೆ, ಓಡುತ್ತಿತ್ತು. ಮೈ ಬೆಚ್ಚಗಿತ್ತು. ಹೊಟ್ಟೆ ಮೇಲೆ ಕೈ ಇಟ್ಟರೆ ಮುಖ ಹಿಂಡಿದರು.

"ನಾಳೆ ಬೆಳಗ್ಗೆ ಮೈಸೂರಿಗೆ ಹೋಗಬೇಕಣ್ಣ. ಸೇರಿಸಿಕೊಂಡು ಸ್ಟೀರಾಯ್ಡನ್ನೇ ಇಂಜೆಕ್ಷನ್‌ನಲ್ಲಿ ಕೊಡ್ತಾರೆ. ಇನ್ನು ತಡ ಮಾಡಿದ್ರೆ ಕರುಳು ಒಡೆಯುತ್ತೆ."

"ಆಗಕಿಲ್ಲ."

"ಯಾಕೆ?"

"ಆಗಕಿಲ್ಲ ಅಂದ್ನಲ್ಲ. ಇಲ್ಲೇ ಸಾಯ್ತೀನಿ, ಬುಡಿ."

ಹೆಂಡತಿ ಅಳತೆಯ ಪಾತ್ರೆಯನ್ನು ಟಪ್ಪನೆ ಮೇಜಿನ ಮೇಲೆ ಕುಕ್ಕಿದರು. "ನೀವ್ ಏಳ್ತೀರೋ ನಾನ್ ಏಳ್ಲೋ?"

ಆಕೆಯೇ ಹೇಳಿದರು. ಎರಡನೇ ಸಲ ರಕ್ತ ಕೊಟ್ಟ ಮೇಲೆ ಡಾಕ್ಟರು ಮೈಸೂರಿಗೆ ಒಮ್ಮೆ ತೋರಿಸಿ ಬನ್ನಿ ಅಂದಿದ್ದರು. ತೋರಿಸಿ ವಾಪಸು ಬರುವಾಗ ಶ್ರೀರಂಗಪಟ್ಟಣ ದಾಟಿದ ಮೇಲೆ ಅವಸರವಾಯಿತು. ಕಂಡಕ್ಟರಿಗೆ ನಿಲ್ಲಿಸು ಅಂದರೆ ಅವನು ಸ್ಟಾಪು ಬರಲಿ ಅಂದ. ಸ್ಟಾಪು ಬರುವಷ್ಟರಲ್ಲಿ ಆಗಿಹೋಗಿತ್ತು. ಅದೇ ಬಿಳಿ ಶರ್ಟಿನಲ್ಲಿ. ಬಸ್ಸಿನಲ್ಲಿ ಅವರೂರ ಕಡೆಯವರೂ ಇದ್ದರು. ಅಲ್ಲಿಂದ ಇಳಿದು ಗದ್ದೆ ಬಯಲಲ್ಲಿ ನಡೆದುಕೊಂಡೇ ಊರಿಗೆ ಬಂದರು. ಆವತ್ತಿನಿಂದ ಬಸ್ಸು ಅಂದರೆ ಹತ್ತಿಲ್ಲ.

ಸೆಕ್ರೆಟರಿ ಗೋಡೆ ಕಡೆ ತಿರುಗಿ ನಿಂತಿದ್ದರು. ಊರೆಲ್ಲರ ಹಾಲಿನ ಗುಟ್ಟು ಬಲ್ಲ ಮನುಷ್ಯ. ತನ್ನ ಗುಟ್ಟನ್ನು ಬಸ್ಸಿನ ತುಂಬ ಜನ ನೋಡಿದ್ದರು.

ನನ್ನ ಕೊಳವೆಯನ್ನು ಇಷ್ಟು ಹೊತ್ತು ಕೇಳುತ್ತಿದ್ದ ಪ್ರಶ್ನೆ ಈಗ ಬದಲಾಯಿತು. ಉರಿ ಇದೆ ಅಂತ ಗೊತ್ತಾಯಿತು. ಈ ಮನುಷ್ಯನನ್ನು ಇಲ್ಲಿಂದ ಅಲ್ಲಿಗೆ ಸಾಗಿಸುವುದು ಹೇಗೆ ಅನ್ನುವುದಕ್ಕೆ ಕೊಳವೆಯಲ್ಲಿ ಉತ್ತರವಿಲ್ಲ. ಕಾರು ಮಾಡೋಣ ಅಂದೆ. "ಡ್ರೈವರು ಗೊತ್ತಿಲ್ದೋನು. ಎಷ್ಟು ಸಲ ನಿಲ್ಸು ಅನ್ನಾದು?" ಅಂದರು. ಆಗ ನನಗೆ ಹೊಳೆದದ್ದು ಅವರ ಡೇರಿಯದೇ ವ್ಯಾನು.

"ಅಣ್ಣ, ದಾರಿಯುದ್ದಕ್ಕೂ ನಿಲ್ಲಿಸ್ಕೊಂಡೇ ಬರೋ ಗಾಡಿ ಒಂದೇ ಇರೋದು. ಹತ್ತು ಕಡೆ ನಿಂತ್ರೆ ಅದರಲ್ಲಿ ನಿಮಗೆ ಯಾವುದು, ಹಾಲಿಗೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ."

ಅವರು ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದ್ದು ಒಂದೇ ಮಾತು. "ಒತ್ತಾರೆ ಹಾಲು ಅಳಿಯೋರ್ಯಾರು?"

"ನೀವ್ ಚೆಂಬು ಇಡ್ಕಂಡ್ ಓದಾಗೆಲ್ಲ ಯಾರು ಅಳ್ದಿದ್ದು?" ಅಂದರು ಹೆಂಡತಿ.

ಆ ದಿನ ಅಲ್ಲೇ ಉಳಿದೆ. ತೆಗೆದ ರಕ್ತದಲ್ಲಿ ಉಳಿದದ್ದನ್ನು ಅವರೇ ಐಸಿನೊಳಗೆ ಹೂತಿಟ್ಟರು. "ನೋಡೇ ಬುಡನ ನಿಮ್ ಮಾತು," ಅಂದರು. ಪರೀಕ್ಷೆ ಮಾಡಿ ಬದುಕಿದವರಿಗೆ ಬಾಯಿಮಾತು ಸಾಲುವುದಿಲ್ಲ. ನನಗೂ ಸಾಲುವುದಿಲ್ಲ.

ಬೆಳಗ್ಗೆ ರಕ್ತ ಕೊಟ್ಟವರೂ ಅವರ ರಕ್ತವೂ ಒಂದೇ ವ್ಯಾನಿನಲ್ಲಿ ಹೊರಟರು. ಡ್ರೈವರಿಗೆ ವಿಷಯ ಹೇಳಿದ್ದೆ. ಬಾಯಿಬಡುಕ ಅಂತ ಹೆದರಿದ್ದೆ, ಅವನು ಒಂದು ತಮಾಷೆಯನ್ನೂ ಆಡಲಿಲ್ಲ. ನಾವು ಕೇಳುವ ಮೊದಲೇ ತೋಪು ಕಂಡಲ್ಲಿ, ನಾಲೆಯ ಏರಿ ಕಂಡಲ್ಲಿ ಗಾಡಿ ನಿಲ್ಲಿಸಿ, "ರೇಡಿಯೇಟರ್‌ಗೆ ನೀರ್ ಬುಡ್ಬೇಕು ಕಣಣ್ಣ" ಅಂತ ಕೆಳಗಿಳಿದು ಬಾನೆಟ್ಟು ಎತ್ತಿ ನಿಲ್ಲುತ್ತಿದ್ದ. ಆ ಗಾಡಿ ಅಷ್ಟು ನೀರು ಯಾವತ್ತೂ ಕುಡಿದಿರಲಿಕ್ಕಿಲ್ಲ.

ಪಾಂಡವಪುರದಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಮೈಸೂರಿಗೆ ಕಾಗದ ಬರೆಯುತ್ತಿರುವಾಗ, ನಾನು ರಾತ್ರಿ ಫ್ಲಾಸ್ಕಿನಲ್ಲಿಟ್ಟಿದ್ದ ರಕ್ತವನ್ನು ಕೊಳವೆಗೆ ಹಾಕಿದೆ. ಕ್ಯಾನು ಇಳಿಸಿ ಖಾಲಿಯಾದ ವ್ಯಾನಿನಲ್ಲೇ ಸೆಕ್ರೆಟರಿ ಮೈಸೂರಿಗೆ ಹೊರಟ ಮೇಲೂ ಗಂಟೆ ತುಂಬುವವರೆಗೆ ಕೂತು ನೋಡಿದೆ. ಹಿಂದಿನ ಸಂಜೆ ಅರ್ಧ ಕೊಳವೆ ಇಳಿದ ಅದೇ ರಕ್ತ, ಸೊನ್ನೆಯ ಗೆರೆಯ ಸ್ವಲ್ಪ ಕೆಳಗೆ ಮುಗ್ಧನಂತೆ ನಿಂತಿತ್ತು. ಆವತ್ತಿನಿಂದ ನನ್ನ ಲ್ಯಾಬಿಗೆ ಯಾವ ಊರಿನ ಯಾವ ಬಾಟಲಿ ಬಂದರೂ, ತೆಗೆದದ್ದು ಯಾವ ಹೊತ್ತಿಗೆ, ಇಟ್ಟದ್ದು ಎಲ್ಲಿ ಅಂತ ಕೇಳದೆ ಮುಟ್ಟಿಲ್ಲ.

ಮೈಸೂರಿನಲ್ಲಿ ಮೊದಲ ಕೆಲವು ದಿನ ಸರ್ಜನ್ನರೂ ಬಂದು ನೋಡಿ ಹೋಗುತ್ತಿದ್ದರಂತೆ. ಇಂಜೆಕ್ಷನ್ನು ನಾಟಿತು. ಕರುಳು ಉಳಿಯಿತು. ರಕ್ತ ಕೊಟ್ಟರು, ಆಮೇಲೆ ಬೇರೆ ಮಾತ್ರೆ ಹಾಕಿ ಮನೆಗೆ ಕಳಿಸಿದರು. ಡೇರಿಯಲ್ಲಿ ಅಷ್ಟು ದಿನವೂ ಹೆಂಡತಿಯೇ ಹಾಲು ಅಳೆದರು, ನೀರು ಹಾಕಿದವರನ್ನು ಗಂಡನಿಗಿಂತ ಜೋರಾಗಿ ಬೈದರು ಅಂತ ಡ್ರೈವರು ಸುದ್ದಿ ತಂದ.

ಬೇಸಗೆ ಶುರುವಾದ ಮೇಲೆ ಒಂದು ಬೆಳಗ್ಗೆ ಸೆಕ್ರೆಟರಿಯನ್ನು ಕರೆತರಬೇಕಿದ್ದ ವ್ಯಾನಿನ ಹಾರ್ನಿಗೆ ಕಾಯುತ್ತಿದ್ದೆ. ಹಾರ್ನು ಆಗಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ಬಿಳಿ ಶರ್ಟು, ಇಸ್ತ್ರಿಯ ಗೆರೆ, ಜೇಬಿನಲ್ಲಿ ಪೆನ್ನಿನ ಪಕ್ಕ ಬಸ್ಸಿನ ಟಿಕೆಟ್ಟು ಚೂರು ಹೊರಗೆ ಇಣುಕುತ್ತಿತ್ತು. ಅದು ನನಗೆ ಕಾಣಲಿ ಅಂತಲೇ ಹಾಗೆ ಸಿಕ್ಕಿಸಿಕೊಂಡಿದ್ದರು ಅಂತ ಈಗಲೂ ನನ್ನ ನಂಬಿಕೆ.

ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು. "ತಗಳಿ. ಈಗ ಕರೆದಿದ್ದು."

ರಕ್ತ ತೆಗೆದೆ, ಕೊಳವೆ ನಿಲ್ಲಿಸಿದೆ. "ಒಂದು ಗಂಟೆ ಆಗುತ್ತಣ್ಣ. ಬೇಕಾದ್ರೆ ಅಡ್ಡಾಡ್ಕೊಂಡು ಬನ್ನಿ. ಹಿಂದುಗಡೆ ಎಲ್ಲ ಅನುಕೂಲ ಇದೆ," ಅಂದೆ.

"ಇಲ್ಲೇ ಕುಂತಿರ್ತೀನಿ, ಬುಡಿ."

ಕೂತರು. ಹಾಲಿನ ರೇಟು ಮಾತಾಡಿದರು, ಹೆಂಡತಿ ಅಳತೆಯ ಪಾತ್ರೆಯನ್ನು ವಾಪಸು ಕೊಡುತ್ತಿಲ್ಲ ಅಂತ ದೂರಿದರು, ಕಾಫಿ ತರಿಸಿದರೆ ಕುಡಿದರು. ಕೊಳವೆಯನ್ನು ಓದುವುದು ನನ್ನ ಕಸುಬು. ಆದರೆ ಆವತ್ತು ನನ್ನ ಕಣ್ಣು ಅದರ ಕಡೆ ಹೋದದ್ದು ಕಡಿಮೆ. ಗಂಟೆ ತುಂಬುವವರೆಗೂ ಆ ಮನುಷ್ಯ ಕುರ್ಚಿಯಿಂದ ಏಳಲಿಲ್ಲ.